ಮಾಳಮಡ್ಡಿಯ ಮನೆಯ ಎರಡು ಪುಟ್ಟ ಪೆಟ್ಟಿಗೆಗಳು

ಧಾರವಾಡದಲ್ಲಿ ಮಳೆ ಹಿಡಿಯಿತೆಂದರೆ ಬಿಡುವ ಮಾತೇ ಇಲ್ಲ. ಕಳೆದ ಜುಲೈನ ಒಂದು ಶನಿವಾರ ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದು ಇಳಿದಾಗಲೂ ಅದೇ ಜಿಟಿಜಿಟಿ. ಸ್ಟೇಷನ್ನಿನಿಂದ ಮಾಳಮಡ್ಡಿ ದೂರವೇನಲ್ಲ, ಕೊಡೆ ಹಿಡಿದು ನಡೆದೇ ಹೊರಟೆ. ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಈಗ ನಮ್ಮ ಸೋದರಮಾವನ ಮನೆಯ ಸರದಿ. ಮಾಮಾ ತೀರಿಕೊಂಡು ವರ್ಷವಾಗಿತ್ತು. ಮಾಮಿ ಮನೆ ಮಾರಿ ಪುಣೆಯಲ್ಲಿರುವ ಮಗಳ ಹತ್ತಿರ ಹೋಗುವವರಿದ್ದರು.

ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ನಿನಗ ಹಳೇ ಹಾಡಿನ ಡಬ್ಬಿ ಹುಚ್ಚು ಅದ ಅಲ್ಲೋ. ನಿಮ್ಮ ಮಾಮಾಂದು ಎಲ್ಲಾ ಇಟ್ಟಲ್ಲೇ ಅದ. ಬಂದು ಬೇಕಾದ್ದು ತಗೊಂಡು ಹೋಗು. ಇಲ್ಲಂದ್ರ ಗುಜರಿಯವಗ ಕೊಟ್ಟುಬಿಡ್ತೀನಿ."

ಮಾಮಾ ಡಾಕ್ಟರು. ಎಪ್ಪತ್ತರ ದಶಕದಲ್ಲಿ ಹೆಚ್ಚಿನ ಓದಿಗೆ ಇಂಗ್ಲೆಂಡಿಗೆ ಹೋಗಿ, 1981ರಲ್ಲಿ ಊರಿಗೆ ವಾಪಸ್ಸಾದವರು. ಬರುವಾಗ ಟ್ರಂಕಿನಲ್ಲಿ ಉಣ್ಣೆ ಸ್ವೆಟರುಗಳ ನಡುವೆ ಸುತ್ತಿ ತಂದಿದ್ದು ಒಂದು ಆಂಪ್ಲಿಫೈಯರ್, ಒಂದು ಕ್ಯಾಸೆಟ್ ಡೆಕ್ಕು, ಎರಡು ಸಣ್ಣ ಸ್ಪೀಕರು. ನಾವು ಚಿಕ್ಕವರಿದ್ದಾಗ ಅವನ್ನು ಮುಟ್ಟುವ ಹಾಗಿರಲಿಲ್ಲ. ಆಮೇಲೆ ಮಾಮಾನ ಕಿವಿ ಮಂದವಾಯಿತು. ಸ್ಪೀಕರುಗಳ ಮೇಲೆ ಒಂದು ಕಸೂತಿ ಬಟ್ಟೆ, ಅದರ ಮೇಲೆ ಮೊಮ್ಮಕ್ಕಳ ಫೋಟೊ ಬಂದು ಕೂತವು.

ಬಟ್ಟೆ ಸರಿಸಿ, ಹಿಂಬದಿಯ ಪಟ್ಟಿ ಓದಿದಾಗ ನನ್ನ ಎದೆ ಧಸಕ್ಕೆಂದಿತು. ರೋಜರ್ಸ್, ಎಲ್‌ಎಸ್ 3/5ಎ. ಹದಿನೈದು ಓಮ್. ಒಂದರ ಸಂಖ್ಯೆಗೆ ಇನ್ನೊಂದು ಜೋಡಿ.

ಇದರ ಹುಚ್ಚಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಬಿಬಿಸಿಯವರು ಹೊರಗೆ ಕಾರ್ಯಕ್ರಮ ಧ್ವನಿಮುದ್ರಿಸಲು ಹೋಗುವಾಗ ವ್ಯಾನಿನೊಳಗೆ ದೊಡ್ಡ ಸ್ಪೀಕರ್ ಇಡಲು ಜಾಗ ಇರುತ್ತಿರಲಿಲ್ಲ. ಅದಕ್ಕಾಗಿ 1970ರ ದಶಕದ ಮೊದಲಲ್ಲಿ ಅವರ ಎಂಜಿನಿಯರುಗಳೇ ಈ ಪೆಟ್ಟಿಗೆಯನ್ನು ವಿನ್ಯಾಸ ಮಾಡಿದರು. ಎತ್ತರ ಒಂದು ಅಡಿ, ಅಗಲ ಹತ್ತೊಂಬತ್ತು ಸೆಂಟಿಮೀಟರ್, ತೂಕ ಐದು ಕಿಲೋ ಚಿಲ್ಲರೆ. ಒಳಗಿನ ಎರಡೂ ಯೂನಿಟ್ಟು ಕೆಂಟ್ ಪ್ರಾಂತದ ಕೆಇಎಫ್ ಕಂಪನಿಯವು. ತಯಾರಿಸುವ ಪರವಾನಗಿ ರೋಜರ್ಸ್, ಚಾರ್ಟ್‌ವೆಲ್, ಸ್ಪೆಂಡರ್, ಹಾರ್ಬೆತ್ ಮುಂತಾದವರಿಗೆ ಸಿಕ್ಕಿತು. ಯಾರೇ ಮಾಡಿದರೂ ಬಿಬಿಸಿ ಹೇಳಿದ ಅಳತೆಗೆ ಕೂಡಲೇಬೇಕು. ಇದರಲ್ಲಿ ಎದೆ ನಡುಗಿಸುವ ತಗ್ಗಿನ ದನಿ ಬರುವುದಿಲ್ಲ, ಮದುವೆ ಮನೆಯ ಅಬ್ಬರವೂ ಆಗುವುದಿಲ್ಲ. ಆದರೆ ಮನುಷ್ಯರ ದನಿ ಮನುಷ್ಯರ ದನಿಯ ಹಾಗೇ ಕೇಳುತ್ತದೆ. ಬಿಬಿಸಿಯವರು ಸ್ಪೀಕರನ್ನು ಪರೀಕ್ಷಿಸುತ್ತಿದ್ದ ಒಂದು ರೀತಿಯೆಂದರೆ, ಗುರುತಿನವರ ಮಾತನ್ನು ಧ್ವನಿಮುದ್ರಿಸಿ ಕೇಳುವುದು. ಪಿಟೀಲು ಹೀಗೇ ಇರಬೇಕೆಂದು ಹೇಳುವುದು ಕಷ್ಟ. ಗುರುತಿನವರ ದನಿಯಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಕಿವಿ ಹಿಡಿಯುತ್ತದೆ.

ಹಳೆಯ ಜೋಡಿಗೆ ಇವತ್ತು ಲಕ್ಷದ ಮೇಲೆ ಬೆಲೆ. ಅದು ನನಗೆ ಗೊತ್ತಿತ್ತು. ಮಾಮಿಗೆ ಗೊತ್ತಿರಲಿಲ್ಲ.

"ಚೊಲೋ ಅವ ಏನೋ?" ಅಂತ ಕೇಳಿದರು.

"ಹಳೇವು ಮಾಮೀ. ಮೊದಲು ನಡೀತಾವೋ ಇಲ್ಲೋ ನೋಡಬೇಕು" ಅಂದೆ.

ಸುಳ್ಳಂತೂ ಹೇಳಲಿಲ್ಲ. ನಾನೇನು ಮಾರುವವನಲ್ಲ, ಹಾಗಿದ್ದಮೇಲೆ ಬೆಲೆಯ ಮಾತು ಯಾಕೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಂಪ್ಲಿಫೈಯರೂ ಇಂಗ್ಲೆಂಡಿನದೇ, ಕ್ವಾಡ್ 303. ಸ್ವಿಚ್ ಹಾಕಿದರೆ ಒಂದು ಕಡೆ ಬರೀ ಗುಂಯ್ ಸದ್ದು. ಡೆಕ್ಕಿನ ಬೆಲ್ಟು ಕರಗಿ ಅಂಟಾಗಿತ್ತು. ಎರಡನ್ನೂ ಚೀಲದಲ್ಲಿ ತುಂಬಿಕೊಂಡು ಚಿಗರಿ ಬಸ್ಸು ಹತ್ತಿದೆ. ಧಾರವಾಡದಿಂದ ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ನವಲೂರು ಬಂದರೆ ಪೇರಲ ಹಣ್ಣಿನ ನೆನಪು, ಉಣಕಲ್ ಕೆರೆ ಕಂಡರೆ ಹುಬ್ಬಳ್ಳಿ ಬಂತೆಂಬ ಗುರುತು. ಎರಡು ಊರಿನ ಹೆಸರಿಗೆ ನಡುವೆ ಗೆರೆ ಎಳೆದು ಒಂದೇ ಮಹಾನಗರ ಮಾಡಿದ್ದಾರೆ. ಆದರೂ ಧಾರವಾಡದ ಮಂದಿ ಕೆಟ್ಟ ಸಾಮಾನನ್ನು ರಿಪೇರಿಗೆ ಹುಬ್ಬಳ್ಳಿಗೇ ಒಯ್ಯಬೇಕು.

ದುರ್ಗದಬೈಲಿನ ಹಿಂದಿನ ಓಣಿಯಲ್ಲಿ, ವಾಲ್ವ್ ರೇಡಿಯೊ ಕಾಲದಿಂದ ಬೆಸುಗೆ ಹಾಕುತ್ತಾ ಬಂದಿರುವ ಹಿರಿಯರೊಬ್ಬರಿದ್ದಾರೆ. ಮೊದಲೇ ಫೋನ್ ಮಾಡಿದ್ದೆ. ಕ್ವಾಡಿನ ಮುಚ್ಚಳ ಬಿಚ್ಚಿ, ಉಬ್ಬಿದ ಕೆಪಾಸಿಟರುಗಳನ್ನು ಬೆರಳಿಂದ ಮುಟ್ಟಿ ನೋಡಿದರು. "ಇವು ಹೋಗ್ಯಾವ್ರಿ. ಮನಷಾಂಗತೆ ಇವಕ್ಕೂ ವಯಸ್ಸಾಗ್ತದ." ಸ್ಪೀಕರಿನ ಹೆಸರು ಹೇಳಿದಾಗ ತಲೆ ಎತ್ತಿದರು. "ಅದರ ಅಂಚು ಫೋಮ್ ಅಲ್ರಿ, ರಬ್ಬರಿನಂಥಾದ್ದು. ಫೋಮ್ ಆಗಿದ್ರ ಎಂದೋ ಪುಡಿಪುಡಿ ಆಗ್ತಿತ್ತು. ಯಾರದವು?"

"ಮಾಮಾಂದು" ಅಂದೆ. ನನ್ನವು ಅನ್ನಲು ಬಾಯಿ ಬರಲಿಲ್ಲ.

ಸಂಜೆತನಕ ಕಾಯಬೇಕಿತ್ತು. ಸುಮ್ಮನೆ ದೇಶಪಾಂಡೆ ನಗರದ ಕಡೆ ನಡೆದೆ, ಗಂಗೂಬಾಯಿ ಹಾನಗಲ್ ಅವರ ಮನೆಯಿರುವ ಬಡಾವಣೆ. ಅವರ ಮೊದಲಿನ ಗ್ರಾಮಫೋನ್ ತಟ್ಟೆಗಳ ಮೇಲೆ ಹೆಸರು ಗಾಂಧಾರಿ ಅಂತಿತ್ತು. ಆಗಿನ ದನಿ ತೆಳುವು. ಗಂಟಲಿನ ಚಿಕಿತ್ಸೆಯ ನಂತರ ದನಿ ಗಡಸಾಯಿತು. ಬೇರೆಯವರಾಗಿದ್ದರೆ ಹಾಡು ಬಿಡುತ್ತಿದ್ದರೇನೊ, ಅವರು ಆ ಗಡಸನ್ನೇ ತಮ್ಮದಾಗಿ ಮಾಡಿಕೊಂಡರು. ಈ ಊರುಗಳಲ್ಲಿ ಸ್ಪೀಕರಿನ ಹುಚ್ಚು ಹಿಡಿದರೆ ಅದಕ್ಕೆ ಕಾರಣ ಇಂಗ್ಲೆಂಡ್ ಅಲ್ಲ. ಇಂಥ ದನಿಗಳನ್ನು ಕೇಳಿ ಬೆಳೆದ ಕಿವಿಗಳೇ ಕಾರಣ. 1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ಶುರುವಾದ ಮೇಲಂತೂ ಆ ದನಿಗಳು ಅಡಿಗೆಮನೆಯತನಕ ಬಂದವು.

ಭಾನುವಾರ ಬೆಳಿಗ್ಗೆ ಎಲ್ಲ ಜೋಡಿಸಿದೆ. ಸ್ಪೀಕರುಗಳನ್ನು ಗೋಡೆಯಿಂದ ಸ್ವಲ್ಪ ಮುಂದೆ ತಂದು, ಕೂತವರ ಕಿವಿಯ ಮಟ್ಟಕ್ಕೆ ಸ್ಟೂಲಿನ ಮೇಲಿಟ್ಟೆ. ಮಾಮಾನ ಕ್ಯಾಸೆಟ್ಟುಗಳಲ್ಲಿ ಮೊದಲು ಕೈಗೆ ಬಂದದ್ದು ರೇಡಿಯೊದಿಂದ ತುಂಬಿಕೊಂಡ ಮಲ್ಲಿಕಾರ್ಜುನ ಮನಸೂರರದು. ಮನಸೂರರು ಇದ್ದ 'ಮೃತ್ಯುಂಜಯ' ಮನೆ ಇದೇ ಊರಿನಲ್ಲಿದೆ, ಈಗ ಸ್ಮಾರಕ. ತಂಬೂರಿ ಶುರುವಾಯಿತು. ಆಮೇಲೆ ಆ ದನಿ ಎರಡು ಪೆಟ್ಟಿಗೆಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ, ಚಾಪೆ ಹಾಸಿಕೊಂಡು ಕೂತ ಹಾಗೆ ಬಂತು. ಉಸಿರು ತೆಗೆದುಕೊಳ್ಳುವುದೂ ಕೇಳಿಸಿತು. ಮಾಮಿ ಬಾಗಿಲಿಗೆ ಒರಗಿ ನಿಂತಿದ್ದರು.

ಇನ್ನೊಂದು ಕ್ಯಾಸೆಟ್ಟಿನ ಮೇಲೆ ಏನೂ ಬರೆದಿರಲಿಲ್ಲ. ಹಾಕಿದೆ. ಟಕ್ ಅಂತ ಸದ್ದು, ಮೈಕು ಸರಿಸಿದ್ದು, ಗಂಟಲು ಸರಿಮಾಡಿಕೊಂಡದ್ದು. ಆಮೇಲೆ ಮಾಮಾ.

"ಒಂದು, ಎರಡು, ಮೂರು. ಕೇಳಸ್ತದೋ ಇಲ್ಲೋ ನೋಡಬೇಕು."

ಹಿಂದೆಲ್ಲೋ ಪಾತ್ರೆಯ ಸದ್ದು. ದೂರದಿಂದ ಒಂದು ಹೆಣ್ಣುದನಿ: "ಊಟಕ್ಕ ಬರ್ರೀ, ಆರಿ ಹೋಗ್ಲಿಕತ್ತದ."

"ಬಂದೆ, ಒಂದ ನಿಮಿಷ."

ಅಷ್ಟೇ. ಟೇಪು ಮುಂದೆ ಖಾಲಿ ಓಡತೊಡಗಿತು.

ಮಾಮಿ ಬಾಗಿಲು ಬಿಟ್ಟು ಒಳಗೆ ಬಂದರು. ಎರಡು ಸ್ಪೀಕರುಗಳ ನಡುವಿನ ಖಾಲಿ ಜಾಗ ನೋಡುತ್ತಾ ನಿಂತರು. "ಅದು ನನ್ನ ದನೀನs. ಒಂದ ನಿಮಿಷ ಅಂತಂದು ಅರ್ಧಾ ತಾಸು ಮಾಡ್ತಿದ್ರು" ಅಂದರು. ಆಮೇಲೆ, "ಇನ್ನೊಮ್ಮೆ ಹಚ್ಚು."

ಮೂರು ಸಲ ಹಚ್ಚಿದೆ. ಮೂರನೆಯ ಸಲ ಮುಗಿದಾಗ ನನಗೆ ಇನ್ನು ತಡೆಯಲಾಗಲಿಲ್ಲ. "ಮಾಮೀ, ಇವಕ್ಕ ಲಕ್ಷದ ಮ್ಯಾಲೆ ಬೆಲೆ ಅದ" ಅಂದೆ.

ಅವರು ನನ್ನ ಕಡೆ ತಿರುಗಿದರು. "ನಿನ್ನೆ ಬಂದಾಗ ಗೊತ್ತಿತ್ತೇನು ನಿನಗ?"

"ಗೊತ್ತಿತ್ತು."

ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಾಮಿ ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಸ್ಪೀಕರಿನ ಮೇಲಿನ ದೂಳನ್ನು ಸೆರಗಿನಿಂದ ಒರೆಸಿ, "ಇವತ್ತರ ಹೇಳಿದೆಲ್ಲ, ಸಾಕು ಬಿಡು. ಚಹಾ ಮಾಡ್ತೀನಿ" ಅಂತ ಒಳಗೆ ಹೋದರು.

ಚಹಾದ ಜೊತೆ ಲೈನ್ ಬಜಾರದ ಫೇಡೆ ಬಂತು, ತೀರ್ಮಾನವೂ ಬಂತು. "ಮಾರೂದಿಲ್ಲ. ನಾ ಇರೂತನಕ ನನ್ನ ಹಂತೇಕ ಇರಲಿ, ಪುಣಾಕ್ಕ ಒಯ್ತೀನಿ. ಆಮ್ಯಾಲೆ ನಿನಗs. ಆದ್ರ ನನಗ ಹಚ್ಚಲಿಕ್ಕ ಬರಂಗಿಲ್ಲ, ಕಲಿಸಿ ಕೊಡು."

ಮಧ್ಯಾಹ್ನವೆಲ್ಲ ಅದೇ ಕೆಲಸ. ಕೆಂಪು ತಂತಿ ಕೆಂಪಿಗೆ, ಕಪ್ಪು ಕಪ್ಪಿಗೆ. ಯಾವ ಗುಂಡಿ ಮೊದಲು, ಯಾವುದು ಆಮೇಲೆ. ಎಲ್ಲವನ್ನೂ ಹಾಳೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ಡೆಕ್ಕಿಗೆ ಅಂಟಿಸಿದೆ. ಎಂಟು ವರ್ಷದ ನೌಕರಿಯಲ್ಲಿ ನಾನು ಬರೆದ ಯಾವ ಸೂಚನೆಯನ್ನೂ ಯಾರೂ ಇಷ್ಟು ಗಮನವಿಟ್ಟು ಓದಿರಲಿಲ್ಲ.

ರಾತ್ರಿ ಹೊರಡುವಾಗ ನನ್ನ ಚೀಲದಲ್ಲಿ ಒಂದು ಡಬ್ಬಿ ಫೇಡೆ ಬಿಟ್ಟರೆ ಹೊಸದೇನೂ ಇರಲಿಲ್ಲ. ಗೇಟಿನ ಹತ್ತಿರ ಬಂದಾಗ ಒಳಗಿನಿಂದ ಮಾಮಾನ ದನಿ ಕೇಳಿಸಿತು. ಮಾಮಿ ಹಾಳೆ ನೋಡಿಕೊಂಡು, ತಾವೇ ಹಚ್ಚಿದ್ದರು.