ಸಾರಾಂಶಕ್ಕೆ ಮುನ್ನ: ಹಳಗನ್ನಡ ಪಾಠದ ಕೆಲವು ಅನುಭವಗಳು

ಹಳಗನ್ನಡ ಕಾವ್ಯಭಾಗವೊಂದನ್ನು ತರಗತಿಯಲ್ಲಿ ಆರಂಭಿಸಿದ ದಿನವೇ ವಿದ್ಯಾರ್ಥಿಗಳಿಂದ ಬರುವ ಮೊದಲ ಬೇಡಿಕೆ ಸಾರಾಂಶದ್ದು. 'ಸರ್, ಸಾರಾಂಶ ಬರೆಸಿಬಿಡಿ' ಎಂಬ ಮಾತಿನಲ್ಲಿ ಉದಾಸೀನಕ್ಕಿಂತ ಅಂಜಿಕೆಯೇ ಹೆಚ್ಚು. ಸೆಮಿಸ್ಟರಿನ ಅವಧಿ ಚಿಕ್ಕದು, ಪರೀಕ್ಷೆ ಹತ್ತಿರದಲ್ಲಿದೆ, ಅಂಗಡಿಯಲ್ಲಿ ಗೈಡುಗಳು ಸಿದ್ಧವಾಗಿವೆ. ಆದರೆ ಸಾರಾಂಶವನ್ನು ಮೊದಲೇ ಕೊಟ್ಟುಬಿಟ್ಟರೆ ಪದ್ಯವನ್ನು ಓದಲು ಕಾರಣವೇ ಉಳಿಯುವುದಿಲ್ಲ. ಪದವಿ ಮುಗಿಸಿ ಹೋಗುವ ವಿದ್ಯಾರ್ಥಿ ಪಂಪನನ್ನು ಬಲ್ಲೆನೆಂದು ತಿಳಿದಿರುತ್ತಾನೆ. ಅವನು ಬಲ್ಲದ್ದು ಪಂಪನ ಬಗ್ಗೆ ಬೇರೊಬ್ಬರು ಬರೆದ ಎರಡು ಪುಟಗಳನ್ನು ಮಾತ್ರ.

ಮೂರು ದಶಕಗಳನ್ನು ಸಮೀಪಿಸುತ್ತಿರುವ ಅಧ್ಯಾಪನದಲ್ಲಿ ನನಗೆ ಖಚಿತವಾಗಿರುವ ಸಂಗತಿಯೊಂದಿದೆ. ಹಳಗನ್ನಡದ ಅರ್ಧಭಾಗ ವಿದ್ಯಾರ್ಥಿಗಳ ಬಳಿ ಆಗಲೇ ಇದೆ. ಅದು ಅವರ ಮನೆಮಾತಿನಲ್ಲಿ, ಊರಿನ ಹೆಸರುಗಳಲ್ಲಿ, ಅಜ್ಜಿಯ ಗಾದೆಗಳಲ್ಲಿ ಅಡಗಿದೆ. ಅದನ್ನು ಅವರಿಗೇ ತೋರಿಸಿಕೊಡುವುದು ಅಧ್ಯಾಪಕನ ಮೊದಲ ಕೆಲಸ. ಸಾರಾಂಶ ಆಮೇಲಿನದು.

ಆದ್ದರಿಂದ ನಾನು ಕಾವ್ಯದಿಂದ ಪ್ರಾರಂಭಿಸದೆ ಶಾಸನವೊಂದರಿಂದ ಪ್ರಾರಂಭಿಸುತ್ತೇನೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಕಲ್ಲು ಇದಕ್ಕೆ ಬಹಳ ಒದಗಿಬರುತ್ತದೆ. ತಕ್ಕೋಲದ ಯುದ್ಧದ ಕಾಲ. ಗಂಗ ದೊರೆ ಬೂತುಗನು ತನ್ನ ವೀರನಾದ ಮಣಲೇರನ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆನ್ನುತ್ತಾನೆ. ಮಣಲೇರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಂದರೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿಯ ಕಾಳಗದ ಚಿತ್ರವಿದೆ. ಪಂಪನು ಆದಿಪುರಾಣವನ್ನು ಮುಗಿಸಿದ್ದು 941ರಲ್ಲಿ. ಈ ಕಲ್ಲು ನಿಂತದ್ದು ಅದಾದ ಒಂದು ದಶಕದೊಳಗೆ. ಮಹಾಕವಿ ಬರೆದ ಭಾಷೆಯಲ್ಲಿಯೇ ನಾಯಿಯೊಂದರ ಸಾವನ್ನೂ ದಾಖಲಿಸಿದ್ದಾರೆಂದು ತಿಳಿದಾಗ ತರಗತಿಯ ಹಿಂದಿನ ಬೆಂಚುಗಳೂ ಕಿವಿಗೊಡುತ್ತವೆ.

ಚಿತ್ರವನ್ನು ಮೊದಲು ತೋರಿಸುತ್ತೇನೆ, ಪಾಠವನ್ನು ಅನಂತರ. ಶಾಸನದಲ್ಲಿ 'ಪಿರಿಯ', 'ಪಂದಿ' ಎಂಬ ಪದಗಳು ಬಂದಾಗ ಅರ್ಥ ಹೇಳದೆ ಕಾಯುತ್ತೇನೆ. ಒಮ್ಮೆ ಕರಾವಳಿಯಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಸಂಕೋಚದಿಂದ, 'ಸರ್, ನಮ್ಮ ತುಳುವಿನಲ್ಲಿ ಹಂದಿಗೆ ಪಂಜಿ ಅಂತೇವೆ' ಎಂದಳು. ಅಲ್ಲಿಂದ ಪಾಠ ಅವಳದಾಯಿತು. ಹುಲಿಗೆ ಪಿಲಿ, ಹಕ್ಕಿಗೆ ಪಕ್ಕಿ, ಹೂವಿಗೆ ಪೂ ಎಂದು ಅವಳು ಹೇಳುತ್ತ ಹೋದಂತೆ ನಾನು ಕರಿಹಲಗೆಯಲ್ಲಿ ಪುಲಿ, ಪಕ್ಕಿ, ಪೂ ಎಂದು ಹಳಗನ್ನಡ ರೂಪಗಳನ್ನು ಬರೆಯುತ್ತ ಹೋದೆ. ಪಕಾರವು ಹಕಾರವಾಗುವ ಬದಲಾವಣೆಯನ್ನು ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಇಡೀ ತರಗತಿಯೇ ಆ ನಿಯಮವನ್ನು ಕಂಡುಕೊಂಡಿತ್ತು. ತನ್ನ ಮನೆಮಾತನ್ನು ಕಾಲೇಜಿನಲ್ಲಿ ಆಡಲು ಹಿಂಜರಿಯುತ್ತಿದ್ದ ಹುಡುಗಿ ಅಂದು ತರಗತಿಗೆ ನಿಘಂಟಾದಳು.

ನಿಘಂಟೆಂದಾಗ ಕಿಟೆಲ್ ಅವರನ್ನು ನೆನೆಯಲೇಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನ ಒಂದು ಪ್ರತಿ ನನ್ನ ತರಗತಿಯ ಮೇಜಿನ ಮೇಲೆ ಸದಾ ಇರುತ್ತದೆ. ಪದವೊಂದರ ಅರ್ಥದೊಡನೆ ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸೋದರ ರೂಪಗಳನ್ನೂ, ಎಷ್ಟೋ ಕಡೆ ಗಾದೆಗಳನ್ನೂ ಅದು ಕೊಡುತ್ತದೆ. ಒಂದು ಪದವನ್ನು ಹುಡುಕಲು ಹೋದವರು ಮೂರು ಗಾದೆಗಳನ್ನು ಓದಿಕೊಂಡು ಹಿಂತಿರುಗುತ್ತಾರೆ. ಇದರ ಜೊತೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಗ್ರಂಥಾಲಯದಲ್ಲಿದ್ದರೆ, ಪದವೊಂದು ಶಾಸನದಿಂದ ಇಂದಿನವರೆಗೆ ನಡೆದುಬಂದ ದಾರಿಯನ್ನು ಪ್ರಯೋಗಗಳ ಸಹಿತ ಕಾಣಬಹುದು. ಮೊಬೈಲಿನಲ್ಲಿಯೂ ಈಗ ನಿಘಂಟುಗಳು ದೊರೆಯುತ್ತವೆ. ಅದನ್ನು ನಾನು ತಡೆಯುವುದಿಲ್ಲ. ಪದವನ್ನು ಹುಡುಕಿದವರು ವಿದ್ಯಾರ್ಥಿಗಳೇ ಆಗಿರಬೇಕು ಎಂಬುದಷ್ಟೇ ನನ್ನ ನಿಬಂಧನೆ.

ಶಾಸನದ ಬಳಿಕ ವಡ್ಡಾರಾಧನೆಯ ಗದ್ಯ, ಅದರ ಬಳಿಕ ಚಂಪೂಕಾವ್ಯ. ಪದ್ಯಕ್ಕೆ ಬಂದಾಗ ನಾನು ಮಾಡಿಸುವ ಅಭ್ಯಾಸವೊಂದಿದೆ. ತಾಳೆಗರಿಯಲ್ಲಿ ಪದ್ಯವನ್ನು ಇಂದಿನ ಪುಸ್ತಕದಂತೆ ಸಾಲು ಬಿಡಿಸಿ, ಪದ ಬಿಡಿಸಿ ಬರೆಯುತ್ತಿರಲಿಲ್ಲ. ಅಕ್ಷರಗಳು ಒಂದೇ ಸಮನೆ ಸಾಗುತ್ತವೆ. ನಾನೂ ಒಂದು ಕಂದಪದ್ಯವನ್ನು ಹಾಗೆಯೇ ಒತ್ತೊತ್ತಾಗಿ ಬರೆದು ಗುಂಪುಗಳಿಗೆ ಹಂಚುತ್ತೇನೆ. ಸಾಲುಗಳನ್ನು ಅವರೇ ಕಂಡುಹಿಡಿಯಬೇಕು. ಕೈಯಲ್ಲಿರುವ ಸಾಧನಗಳು ಎರಡು. ಮೊದಲ ಮತ್ತು ಮೂರನೆಯ ಸಾಲಿಗೆ 12, ಎರಡನೆಯ ಮತ್ತು ನಾಲ್ಕನೆಯದಕ್ಕೆ 20, ಒಟ್ಟು 64 ಮಾತ್ರೆಗಳೆಂಬ ಲೆಕ್ಕ ಒಂದು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಆದಿಪ್ರಾಸ ಇನ್ನೊಂದು. ನಾಲ್ಕು ಮಾತ್ರೆಗೊಮ್ಮೆ ಚಪ್ಪಾಳೆ ಬೀಳುತ್ತದೆ. ಮೇಜು ಬಡಿಯುವ ಸದ್ದಿಗೆ ಪಕ್ಕದ ತರಗತಿಯವರು ಇಣುಕಿ ನೋಡಿದ್ದೂ ಉಂಟು. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಗುರುಲಘು ಇಲ್ಲಿ ಬೀಗ ತೆರೆಯುವ ಕೀಲಿಯಾಗುತ್ತದೆ.

ಒಂದು ವರ್ಷ ಈ ಅಭ್ಯಾಸ ನಡೆಯುತ್ತಿದ್ದಾಗ ಮಾತು ಕಡಿಮೆಯ ಹುಡುಗನೊಬ್ಬ ಎದ್ದುನಿಂತು, ಪಠ್ಯಪುಸ್ತಕದ ಮತ್ತೊಂದು ಪದ್ಯದಲ್ಲಿ ಒಂದು ಮಾತ್ರೆ ಕಡಿಮೆಯಿದೆ ಎಂದ. ಗೆಳೆಯರು ನಕ್ಕರು; ಅಚ್ಚಾದ ಪುಸ್ತಕ ತಪ್ಪಾಗುವುದುಂಟೇ? ಮೂರು ಬಾರಿ ಎಣಿಸಿದೆವು. ಗ್ರಂಥಾಲಯದಿಂದ ಆ ಕಾವ್ಯದ ಹಳೆಯ ಸಂಪಾದಿತ ಪ್ರತಿಯೊಂದನ್ನು ತರಿಸಿ ನೋಡಿದಾಗ ದೀರ್ಘಸ್ವರವೊಂದು ಪಠ್ಯದ ಅಚ್ಚಿನಲ್ಲಿ ಹ್ರಸ್ವವಾಗಿದ್ದುದು ತಿಳಿಯಿತು. ಅರ್ಥವೂ ಅಲ್ಲಿಯೇ ಕೆಟ್ಟಿತ್ತು. ಗೈಡಿನ ಸಾರಾಂಶವು ಆ ಪದವನ್ನು ಜಾಣತನದಿಂದ ಬಿಟ್ಟು ಮುಂದೆ ಸಾಗಿತ್ತು. ಅಂದು ಆ ಹುಡುಗನ ಮುಖದಲ್ಲಿ ಕಂಡ ಬೆಳಕನ್ನು ಅಂಕಪಟ್ಟಿಯೊಂದು ತರಲಾರದು. ಕಲಿಕೆಯ ಪ್ರೀತಿ ಉಪದೇಶದಿಂದ ಹುಟ್ಟುವುದಿಲ್ಲ. ತಾನು ಕಂಡದ್ದು ನಿಜವೆಂದು ತಾನೇ ಪರೀಕ್ಷಿಸಿ ನೋಡಿದಾಗ ಹುಟ್ಟುತ್ತದೆ.

ಇದಕ್ಕೆ ಸಮಯ ಹೆಚ್ಚು ಬೇಕೆಂಬ ಆಕ್ಷೇಪ ನ್ಯಾಯವಾದದ್ದೇ. ನಿಗದಿಯಾದ ಪದ್ಯಗಳೆಲ್ಲವನ್ನೂ ಹೀಗೆ ಓದಿಸಲು ಸಾಧ್ಯವಿಲ್ಲ. ಐದು ಪದ್ಯಗಳನ್ನು ಹೀಗೆ ಓದಿಸಿ ಉಳಿದವನ್ನು ತ್ವರಿತವಾಗಿ ಸಾಗಿಸುತ್ತೇನೆ. ಸಾರಾಂಶವನ್ನು ಘಟಕದ ಕೊನೆಯಲ್ಲಿ ವಿದ್ಯಾರ್ಥಿಗಳೇ ಬರೆಯುತ್ತಾರೆ, ನಾನು ತಿದ್ದುತ್ತೇನೆ. ಪರೀಕ್ಷೆಗೆ ಅದು ಸಾಲದೆಂದು ಯಾರೂ ಈವರೆಗೆ ದೂರಿಲ್ಲ.

ಈ ಐದು ಪದ್ಯಗಳ ಬೆಲೆ ತರಗತಿಗಿಂತ ದೊಡ್ಡದು. ಡಿ.ಎಲ್. ನರಸಿಂಹಾಚಾರ್ಯರು ವಡ್ಡಾರಾಧನೆಯನ್ನು ಸಂಪಾದಿಸಿಕೊಟ್ಟದ್ದರಿಂದ ಅದರ 19 ಕಥೆಗಳು ಇಂದು ನಮ್ಮ ಕೈಯಲ್ಲಿವೆ. ಆರ್. ನರಸಿಂಹಾಚಾರ್ಯರಂಥವರು ಶ್ರವಣಬೆಳಗೊಳದ ಬಂಡೆಗಳ ಮುಂದೆ ಕುಳಿತು ಓದಿದ್ದರಿಂದ ಆ ಶಾಸನಗಳು ಪುಸ್ತಕಕ್ಕೆ ಬಂದಿವೆ. ಮಾತ್ರೆಯನ್ನು ಎಣಿಸಬಲ್ಲ, ಅಚ್ಚಿನ ಪಾಠವನ್ನು ಅನುಮಾನಿಸಬಲ್ಲ ಓದುಗರು ಅವರ ಬಳಿಕವೂ ಬೇಕು. ಪರಿಷ್ಕರಿಸಬೇಕಾದ ಹಸ್ತಪ್ರತಿಗಳು, ಮರಳಿ ಓದಬೇಕಾದ ಶಾಸನಗಳು ಇನ್ನೂ ಇವೆ. ಅಂಥ ಓದುಗನೊಬ್ಬ ನಮ್ಮ ಮುಂದಿನ ಬೆಂಚುಗಳಲ್ಲಿಯೇ ಎಲ್ಲೋ ಕುಳಿತಿರಬಹುದು. ಸಾರಾಂಶವನ್ನು ಒಂದು ವಾರ ತಡವಾಗಿ ಕೊಡುವ ತಾಳ್ಮೆ ನಮ್ಮಲ್ಲಿದ್ದರೆ ಅವನು ಯಾರೆಂದು ತಿಳಿಯುತ್ತದೆ.