ವಾಲ್ಕಾಟಿನ ಲಾರಿ ತಂಗುದಾಣ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಹೋಗಿ ಬಂದವರು ಸಾಮಾನ್ಯವಾಗಿ ನಯಾಗರಾ ಜಲಪಾತವನ್ನೂ ನ್ಯೂಯಾರ್ಕಿನ ಗಗನಚುಂಬಿ ಸೌಧಗಳನ್ನೂ ವರ್ಣಿಸುವರು. ನಾನು ವಾಚಕರ ಮುಂದಿಡಬೇಕೆಂದಿರುವುದು ಅಂತಹ ಸ್ಥಳವಲ್ಲ. ಅಯೋವಾ ಸಂಸ್ಥಾನದಲ್ಲಿ, ಮುಸುಕಿನ ಜೋಳದ ಹೊಲಗಳ ನಡುವೆ ಇರುವ ಒಂದು ಲಾರಿ ತಂಗುದಾಣವದು.

ಮಿಸಿಸಿಪಿ ಮಹಾನದಿಯ ತಡಿಯಲ್ಲಿರುವ ಡೇವನ್‌ಪೋರ್ಟ್ ನಗರದಲ್ಲಿ ನನ್ನ ಮಗಳ ಮನೆ. ಅಲ್ಲಿಂದ ಪಶ್ಚಿಮಕ್ಕೆ ಕೆಲವೇ ಮೈಲಿ ಹೋದರೆ ವಾಲ್ಕಾಟ್ ಎಂಬ ಸಣ್ಣ ಊರು ಸಿಕ್ಕುವುದು. ಸ್ಯಾನ್‌ಫ್ರಾನ್ಸಿಸ್ಕೋದಿಂದ ನ್ಯೂಜೆರ್ಸಿಯವರೆಗೆ ಸುಮಾರು ೨,೯೦೦ ಮೈಲಿ ಸಾಗುವ ೮೦ನೆಯ ಹೆದ್ದಾರಿ ಅದರ ಮಗ್ಗುಲಲ್ಲಿಯೇ ಇದೆ. ೧೯೬೪ರಲ್ಲಿ ತೆರೆದ ಇಲ್ಲಿಯ ತಂಗುದಾಣವು ಲೋಕದಲ್ಲಿಯೇ ದೊಡ್ಡದೆಂದು ಹೆಸರಾಗಿದೆ. ಸುಮಾರು ೯೦೦ ಲಾರಿಗಳು ಒಟ್ಟಿಗೆ ನಿಲ್ಲುವಷ್ಟು ಬಯಲು. ಒಳಗೆ ಊಟದ ಮನೆ, ಸ್ನಾನದ ಕೋಣೆ, ಬಟ್ಟೆ ಒಗೆಯುವ ಯಂತ್ರ, ಕ್ಷೌರದಂಗಡಿ. ಹಲ್ಲಿನ ವೈದ್ಯರು ಕೂಡ ಉಂಟು. ಹೊರಗೆ ಹದಿನೆಂಟು ಚಕ್ರದ ಲಾರಿಗಳು ಜಾತ್ರೆಯ ಬಂಡಿಗಳಂತೆ ಸಾಲುಗಟ್ಟಿ ನಿಂತಿದ್ದುವು.

ಊಟದ ಮನೆಯಲ್ಲಿ ನನ್ನೆದುರು ಕುಳಿತ ತರುಣನು ಪಂಜಾಬಿನವನು. ನನ್ನನ್ನು ಕಂಡೊಡನೆ "ಚಾಚಾಜೀ, ಯಾವ ಕಡೆಯವರು?" ಎಂದು ಹಿಂದಿಯಲ್ಲಿ ಕೇಳಿದನು. ಅವನ ಮನೆ ಕ್ಯಾಲಿಫೋರ್ನಿಯದಲ್ಲಿ. ಅಲ್ಲಿಂದ ಬಾದಾಮಿ ಹೇರಿಕೊಂಡು ಪೂರ್ವಕ್ಕೆ ಹೊರಟಿದ್ದನು. ಆ ದೇಶದಲ್ಲಿ ಸರಕಿನ ಲಾರಿಯವನು ಹತ್ತು ಗಂಟೆಗಳ ವಿಶ್ರಾಂತಿಯ ಬಳಿಕ ಹನ್ನೊಂದು ಗಂಟೆಗಳಿಗೆ ಮೀರಿ ಓಡಿಸಕೂಡದು. ೨೦೧೭ರ ಡಿಸೆಂಬರಿನಿಂದ ಬಹುತೇಕ ಲಾರಿಗಳಲ್ಲಿ ಇದರ ಲೆಕ್ಕವನ್ನು ಯಂತ್ರವೇ ಇಡುತ್ತದೆ. ಆದುದರಿಂದ ಅವನಿಗೆ ಮಾತನಾಡಲು ಬಿಡುವಿತ್ತು.

"ಲಾರಿ ನನ್ನದು, ಬಾಗಿಲ ಮೇಲಿನ ಹೆಸರು ನನ್ನದಲ್ಲ" ಎಂದನು. ನನಗೆ ಸೋಜಿಗವಾಯಿತು. ಅವನು ವಿವರಿಸಿದನು. ಲಾರಿಯನ್ನು ಕೊಂಡ ಮಾತ್ರಕ್ಕೆ ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಬಾಡಿಗೆಯ ಸರಕು ಸಾಗಿಸುವ ಹಕ್ಕು ಬರುವುದಿಲ್ಲ. ಅದಕ್ಕೆ ಸರ್ಕಾರದ ಅನುಮತಿ ಬೇಕು, ವಿಮೆ ಬೇಕು. ಇವನ್ನೆಲ್ಲ ಪಡೆದಿರುವ ಸಾಗಣೆ ಕಂಪೆನಿಗೆ ಅನೇಕರು ತಮ್ಮ ಲಾರಿಯನ್ನೂ ತಮ್ಮ ದುಡಿಮೆಯನ್ನೂ ಕರಾರಿನ ಮೇಲೆ ಒಪ್ಪಿಸುವರು. ಸರಕನ್ನು ಹುಡುಕಿಕೊಡುವುದು, ಸಾರ್ವಜನಿಕರಿಗೆ ಆಗುವ ನಷ್ಟಕ್ಕೆ ವಿಮೆ ಮಾಡಿಸುವುದು ಕಂಪೆನಿಯ ಪಾಲು. ಇವನ ಕರಾರಿನಂತೆ ಎಣ್ಣೆ, ಚಕ್ರ, ರಿಪೇರಿ, ಸಾಲದ ಕಂತು ಇವನ ಪಾಲು. ಎತ್ತೂ ಬಂಡಿಯೂ ನಮ್ಮವು, ಪೇಟೆಯ ವ್ಯವಹಾರ ಸಾಹುಕಾರನದು ಎನ್ನುವ ನಮ್ಮ ಕಡೆಯ ಏರ್ಪಾಡನ್ನು ಇದು ನೆನಪಿಗೆ ತಂದಿತು.

"ಹಾಗಾದರೆ ಲಾಭವೇನಪ್ಪಾ?" ಎಂದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ತನ್ನ ಹಳೆಯ ಕಥೆಯನ್ನು ಹೇಳಿದನು. ಮೊದಲ ಸಲ ಅವನು ಕಂಪೆನಿಯಿಂದಲೇ ಲಾರಿಯನ್ನು ಕಂತಿನ ಮೇಲೆ ತೆಗೆದುಕೊಂಡು, ಅದೇ ಕಂಪೆನಿಗೆ ದುಡಿದನು. ಕಂತನ್ನು ಪ್ರತಿವಾರವೂ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಿದ್ದರು. ಸರಕು ಕಡಿಮೆಯಾದಾಗ ಬಾಡಿಗೆ ಇಳಿಯಿತು, ಕಂತು ಇಳಿಯಲಿಲ್ಲ. ಎರಡು ವರ್ಷ ಮನೆ ಮಠ ಬಿಟ್ಟು ದುಡಿದು, ಕೊನೆಗೆ ಲಾರಿಯನ್ನು ಹಿಂದಕ್ಕೊಪ್ಪಿಸಿ ಬರಿಗೈಯಲ್ಲಿ ಮನೆಗೆ ಹೋದನಂತೆ. "ಆ ದಿನ ನನ್ನ ಮಗು ನನ್ನ ಗುರುತು ಹಿಡಿಯಲಿಲ್ಲ, ಚಾಚಾಜೀ" ಎಂದನು. ಇಂತಹ ದೂರುಗಳು ಹೆಚ್ಚಿದುದರಿಂದಲೇ ಇದನ್ನು ವಿಚಾರಿಸಲು ನೇಮಕವಾಗಿದ್ದ ಸಮಿತಿಯು, ಈ ಬಗೆಯ ಕರಾರುಗಳನ್ನು ನಿಷೇಧಿಸಬೇಕೆಂದು ೨೦೨೫ರ ಜನವರಿಯಲ್ಲಿ ಸಲಹೆ ಮಾಡಿತು.

ಎರಡನೆಯ ಸಲ ಅವನು ಅವಸರಪಡಲಿಲ್ಲ. ಮೂರು ವರ್ಷ ಸಂಬಳಕ್ಕೆ ಓಡಿಸಿ ಹಣ ಕೂಡಿಸಿ, ಬ್ಯಾಂಕಿನ ಸಾಲದಿಂದ ಹಳೆಯದೊಂದು ಲಾರಿಯನ್ನು ಕೊಂಡನು. ಬೇರೊಂದು ಕಂಪೆನಿಯ ಕರಾರು ಬಂದಾಗ ಅದನ್ನು ಮೊದಲು ಓದಿದವಳು ಅವನ ಹೆಂಡತಿ. ೧೯೭೯ರಲ್ಲಿ ರಚಿತವಾದ ನಿಯಮಗಳು ಅವಳಿಗೆ ಆಸರೆಯಾದುವು. ಕರಾರು ಬರವಣಿಗೆಯಲ್ಲಿಯೇ ಇರಬೇಕು. ಯಾವ ಖರ್ಚು ಯಾರದೆಂದು ಸ್ಪಷ್ಟವಾಗಿರಬೇಕು. ಸರಕು ಮುಟ್ಟಿಸಿದ ಕಾಗದಗಳನ್ನು ಒಪ್ಪಿಸಿದ ೧೫ ದಿನಗಳೊಳಗೆ ಹಣ ಸಲ್ಲಬೇಕು. ಠೇವಣಿಯಿದ್ದರೆ, ಬರಬೇಕಾದುದನ್ನು ಮುರಿದುಕೊಂಡು ಉಳಿದುದನ್ನು ಕರಾರು ಮುಗಿದ ೪೫ ದಿನಗಳೊಳಗೆ ಹಿಂದಿರುಗಿಸಬೇಕು. ಕರಾರಾಗಬೇಕಾದರೆ ತನ್ನಲ್ಲಿಯೇ ಸಾಮಾನು ಕೊಳ್ಳಬೇಕೆಂದು ಕಂಪೆನಿಯು ಬಲವಂತಪಡಿಸಕೂಡದು.

ಕಾಗದವೆಲ್ಲ ಸರಿಯಾಗಿದ್ದಾಗ್ಯೂ ಆ ಗೃಹಿಣಿ ಒಂದು ಪ್ರಶ್ನೆ ಹಾಕಿದಳಂತೆ: "ಸಾಲ ತೀರುವ ಮೊದಲೇ ಎಂಜಿನ್ ಕೆಟ್ಟರೆ?" ಅಂದಿನಿಂದ ಪ್ರತಿ ಬಾಡಿಗೆಯಲ್ಲಿಯೂ ಮೊದಲು ರಿಪೇರಿಯ ಹಣ, ಆಮೇಲೆ ವರ್ಷಕ್ಕೆ ನಾಲ್ಕು ಸಲ ಕಟ್ಟಬೇಕಾದ ತೆರಿಗೆಯ ಹಣ, ಉಳಿದುದು ಮನೆಗೆ. ಹೊರಗಿನಿಂದ ದೊಡ್ಡದಾಗಿ ಕಾಣುವ ಬಾಡಿಗೆಯಲ್ಲಿ ಮನೆಗೆ ಬರುವುದು ಸಣ್ಣ ಪಾಲೇ ಸರಿ. ಸರಕಿಲ್ಲದೆ ಹಿಂದಿರುಗುವ ಮೈಲಿಗಳಿಗೂ ಎಣ್ಣೆ ಬೇಕಲ್ಲವೇ! ಹಿಂದಿನ ವರ್ಷ ಎಂಜಿನ್ ಕೆಟ್ಟೇ ಕೆಟ್ಟಿತು. ಹಾಗೆ ತೆಗೆದಿಟ್ಟ ಹಣವೇ ಲಾರಿಯನ್ನೂ ಮನೆಯನ್ನೂ ಉಳಿಸಿತು.

"ಈಗ ಸುಖವೇ?" ಎಂದು ಕೇಳಿದೆನು. "ಸುಖವೆಂದು ಹೇಳಲಾರೆ. ಆದರೆ ಬೇಡವೆನಿಸಿದ ದಿನ ಕರಾರನ್ನು ಮುಗಿಸಿ, ಲಾರಿಯೊಡನೆ ಹೊರಡಬಲ್ಲೆ" ಎಂದನು.

ಅಷ್ಟರಲ್ಲಿ ಅವನ ಮನೆಯಿಂದ ಕರೆ ಬಂದಿತು. ಅವನು ಫೋನನ್ನು ಹಿಡಿದು ಹೊರಗೆ ಹೋದನು. ಗಾಜಿನ ಕಿಟಕಿಯಾಚೆ ಅವನು ಮಗುವಿನೊಡನೆ ನಗುತ್ತಿದ್ದುದು ಕಾಣುತ್ತಿತ್ತು. ಸಂಜೆಯ ಬೆಳಕಿನಲ್ಲಿ ಅವನ ಹಿಂದೆ ನಿಂತಿದ್ದ ಲಾರಿಯ ಬಾಗಿಲ ಮೇಲೆ ಕಂಪೆನಿಯ ಹೆಸರು ದೊಡ್ಡದಾಗಿ ಹೊಳೆಯುತ್ತಿತ್ತು. ಅದರ ಬೀಗದ ಕೈ ಮಾತ್ರ ಅವನ ಜೇಬಿನಲ್ಲಿತ್ತು.