ಡಾಕ್ಟರ್ ಕೇಳಿದಾಗ ನಾನು ‘ಇಲ್ಲ’ ಅಂದೆ

ಡಾಕ್ಟರ್ ಕೇಳಿದ್ದರು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ತೋಳಿಗೆ ಪಟ್ಟಿ ಸುತ್ತಿ, ಎರಡು ಸಲ ನೋಡಿ, “152/98 ಇದೆಯಲ್ಲಮ್ಮಾ, ನಿಮ್ಮ ವಯಸ್ಸಿಗೆ ಇದು ಜಾಸ್ತಿ. ಬೇರೆ ಯಾವುದಾದ್ರೂ ಮಾತ್ರೆ ತಗೊಳ್ತಿದೀರಾ?” ಅಂದರು. ಪಕ್ಕದ ಸ್ಟೂಲಿನ ಮೇಲೆ ನಮ್ಮತ್ತೆ ಕೂತಿದ್ದರು. ನಾನು “ಇಲ್ಲ” ಅಂದೆ.

ಆ ಹೊತ್ತಿನಲ್ಲಿ ನನ್ನ ಬ್ಯಾಗಿನ ಒಳಜಿಪ್ಪಿನಲ್ಲಿ ಅರ್ಧ ಮುಗಿದ ಗರ್ಭನಿರೋಧಕ ಮಾತ್ರೆಯ ಶೀಟು ಇತ್ತು. ಒಂಬತ್ತು ತಿಂಗಳಿಂದ ಒಂದು ದಿನವೂ ತಪ್ಪಿಸದೆ ನುಂಗುತ್ತಿದ್ದೆ.

ನಮ್ಮದು ತಿಪಟೂರು. ಊರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಟೀಚರ್. ಆಗ ನನಗೆ 33 ವರ್ಷ, ಮಗಳಿಗೆ ಮೂರು. ಇನ್ನೊಂದು ಮಗು ಬೇಕೋ ಬೇಡವೋ ಎಂಬುದನ್ನು ಇನ್ನೆರಡು ವರ್ಷ ಬಿಟ್ಟು ಯೋಚಿಸೋಣ ಎಂದು ನಾನೂ ನಮ್ಮ ಯಜಮಾನರೂ ಮಾತಾಡಿಕೊಂಡಿದ್ದೆವು. ಅತ್ತೆಯವರ ಆಸೆ ಬೇರೆ. “ಎರಡಕ್ಕೂ ಜಾಸ್ತಿ ಅಂತರ ಆಗಬಾರದು ಕಣಮ್ಮ, ಒಟ್ಟಿಗೆ ಬೆಳೆದುಬಿಡ್ತವೆ” ಅನ್ನುತ್ತಿದ್ದರು. ಅವರ ಎದುರು ವಾದ ಮಾಡುವುದಕ್ಕಿಂತ ಸುಮ್ಮನೆ ಮಾತ್ರೆ ತೆಗೆದುಕೊಳ್ಳುವುದು ಸುಲಭವಾಗಿ ಕಂಡಿತು. ಕಾಪರ್-ಟಿ ಎಂದರೆ ನನಗೆ ಭಯ. ನಮ್ಮ ಬೀದಿಯ ಒಬ್ಬರಿಗೆ ಅದರಿಂದ ತುಂಬಾ ರಕ್ತಸ್ರಾವವಾಗಿ ತೆಗೆಸಿದ್ದರು. ಆ ಮಾತೊಂದೇ ತಲೆಯಲ್ಲಿ ಕೂತಿತ್ತು.

ಮೆಡಿಕಲ್ ಶಾಪಿಗೆ ಹೋಗಿ ಕೇಳಿದ್ದು ಯಜಮಾನರು. ಪೇಪರಿನಲ್ಲಿ ಸುತ್ತಿ ಕೊಟ್ಟರಂತೆ. ಯಾರಿಗೆ, ವಯಸ್ಸೆಷ್ಟು, ಬಿಪಿ ಇದೆಯೇ, ಬಸಿರಲ್ಲಿ ಏನಾದರೂ ತೊಂದರೆ ಆಗಿತ್ತೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಯಜಮಾನರಿಗೂ ನೆನಪಾಗುತ್ತಿತ್ತು. ಮಗಳು ಹೊಟ್ಟೆಯಲ್ಲಿದ್ದಾಗ ಎಂಟನೇ ತಿಂಗಳಲ್ಲಿ ನನಗೆ ಬಿಪಿ ಏರಿ, ಕಾಲು ಊದಿ, ವಾರಕ್ಕೆರಡು ಸಲ ತೋರಿಸಿಕೊಂಡು ಬರುತ್ತಿದ್ದೆ. ಹೆರಿಗೆಯಾಗಿ ಒಂದೂವರೆ ತಿಂಗಳಿಗೆ ಎಲ್ಲ ಸರಿಹೋಯಿತು. ಸರಿಹೋಯಿತಲ್ಲ ಎಂದು ಮರೆತೂಬಿಟ್ಟೆವು.

ಶೀಟಿನಲ್ಲಿ 28 ಮಾತ್ರೆ. 21 ಬಿಳಿ, ಕೊನೆಯ 7 ಕಂದು. ಬಿಳಿಯದರಲ್ಲಿ ಹಾರ್ಮೋನು, ಕಂದು ಬಣ್ಣದ್ದರಲ್ಲಿ ಬರೀ ಕಬ್ಬಿಣಾಂಶ. ದಿನ ಎಣಿಸುವುದು ತಪ್ಪಬಾರದೆಂದು ಆ ಏಳನ್ನು ಇಟ್ಟಿರುತ್ತಾರೆ. ಒಂದರಿಂದೊಂದಕ್ಕೆ ಬಾಣದ ಗುರುತು. ಅತ್ತೆ ಮಲಗಿದ ಮೇಲೆ, ಮಗಳಿಗೆ ಹೊದಿಸಿ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಶೀಟು ಒತ್ತುತ್ತಿದ್ದೆ. ಹಾಳೆ ಹರಿಯುವಾಗ ಬರುವ ಆ ಸಣ್ಣ ಚಟ್ ಸದ್ದು ಅತ್ತೆಗೆ ಕೇಳಿಸೀತೆಂದು ನೀರು ಬಿಡುತ್ತಿದ್ದದ್ದು. ಖಾಲಿ ಶೀಟನ್ನು ಮನೆಯ ಕಸಕ್ಕೆ ಹಾಕದೆ ಶಾಲೆಗೆ ಒಯ್ದು ಬಿಸಾಡುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಮಕ್ಕಳ ಆರೋಗ್ಯ ತಪಾಸಣೆಗೆಂದು ಶಾಲೆಗೆ ತಂಡ ಬಂದಿತ್ತು. ಮಕ್ಕಳದು ಮುಗಿದ ಮೇಲೆ “ಮಿಸ್, ನಿಮ್ಮದೂ ನೋಡ್ಬಿಡ್ತೀನಿ ಬನ್ನಿ” ಎಂದು ನರ್ಸ್ ಕರೆದರು. ಪಟ್ಟಿ ಕಟ್ಟಿದರು, ನೋಡಿದರು, ಮುಖ ಬದಲಾಯಿತು, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಕಟ್ಟಿದರು. 150/96. ನನಗೆ ಏನೂ ಆಗಿರಲಿಲ್ಲ. ಮಧ್ಯಾಹ್ನದ ಹೊತ್ತು ಸ್ವಲ್ಪ ತಲೆನೋವು ಬರುತ್ತಿದ್ದದ್ದು ನಿಜ. ಅದನ್ನು ಬಿಸಿಲಿಗೆ, ಬಸ್ಸಿಗೆ, ಉತ್ತರಪತ್ರಿಕೆಗೆ ಹಚ್ಚಿಕೊಂಡಿದ್ದೆ. ಬಿಪಿಗೆ ಹೆಚ್ಚಿನವರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ, ಅಳೆದರೆ ಮಾತ್ರ ಗೊತ್ತಾಗುತ್ತದೆ ಎಂಬುದು ಆಮೇಲೆ ತಿಳಿದ ಮಾತು.

ಮನೆಯಲ್ಲಿ ಹೇಳಿದ ಕೂಡಲೇ ಅತ್ತೆಯೇ ಹೊರಟು ನಿಂತರು. “ನಿಮ್ಮಮ್ಮನಿಗೆ ಆದದ್ದು ನೆನಪಿದೆಯಲ್ಲ, ನಡಿ” ಅಂದರು. ನಮ್ಮಮ್ಮನಿಗೆ 54ನೇ ವಯಸ್ಸಿಗೆ ಲಕ್ವಾ ಹೊಡೆದಿತ್ತು. ಬೆಳಗಿನ ಜಾವ ಹಂಡೆ ಒಲೆಗೆ ಸೌದೆ ಇಡುತ್ತಿದ್ದವರು ಹಾಗೇ ವಾಲಿದರು. ಬಿಪಿ ಮಾತ್ರೆ ಬರೆದುಕೊಟ್ಟಿದ್ದರೂ ‘ಚೆನ್ನಾಗಿದೀನಲ್ಲ’ ಎಂದು ನಿಲ್ಲಿಸಿದ್ದರು. ಆಮೇಲೆ ಎರಡು ವರ್ಷ ಬಲಗೈ ಆಡದೆ, ಮಾತು ತೊದಲುತ್ತಾ ಬದುಕಿ ಹೋದರು. ಅವರ ಬಾಯಿಗೆ ಅನ್ನ ಕಲಸಿ ಇಟ್ಟ ಕೈ ಇದು. ಅಂಥ ನಾನು, ಕೇಳಿದಾಗ “ಇಲ್ಲ” ಅಂದೆ.

ಡಾಕ್ಟರ್ ಆಮ್ಲೋಡಿಪಿನ್ 5 ಮಿಲಿಗ್ರಾಂ ಬರೆದರು, ಉಪ್ಪು ಕಡಿಮೆ ಮಾಡಿ, ನಡೆಯಿರಿ ಅಂದರು. ಉಪ್ಪಿನಕಾಯಿ, ಹಪ್ಪಳ ಬಿಟ್ಟೆ. ಬೆಳಗ್ಗೆ ಐದಕ್ಕೆದ್ದು ನಡೆದೆ. ಬಿಪಿ ಮಾತ್ರ 146/94ರ ಸುತ್ತಲೇ ಸುತ್ತುತ್ತಿತ್ತು. ಬೆಳಗ್ಗೆ ಅತ್ತೆಯ ಎದುರು ಬಿಪಿ ಇಳಿಸುವ ಮಾತ್ರೆ, ರಾತ್ರಿ ಬಚ್ಚಲಲ್ಲಿ ಆ ಇನ್ನೊಂದು ಮಾತ್ರೆ. ಇವೆರಡಕ್ಕೂ ಸಂಬಂಧವಿರಬಹುದೆಂಬ ಅನುಮಾನ ಅಕ್ಟೋಬರ್‌ನಲ್ಲೇ ಹುಟ್ಟಿತು. ಶೀಟಿನ ಜೊತೆ ಬರುವ ಮಡಿಚಿದ ಕಾಗದವನ್ನು ಅದುವರೆಗೆ ಬಿಡಿಸಿರಲಿಲ್ಲ. ಒಂದು ರಾತ್ರಿ ಬಿಡಿಸಿದೆ. ಇರುವೆ ಸಾಲಿನಂಥ ಅಕ್ಷರಗಳ ನಡುವೆ ‘ಅಧಿಕ ರಕ್ತದೊತ್ತಡ’ ಎಂಬ ಎಚ್ಚರಿಕೆ ಇತ್ತು.

ಅಲ್ಲಿಂದ ನನ್ನ ನಿದ್ದೆ ಹೋಯಿತು. ಮಾತ್ರೆ ನಿಲ್ಲಿಸಿದರೆ ಬಸಿರಾದೀತು ಎಂಬ ಭಯ, ನಿಲ್ಲಿಸದಿದ್ದರೆ ಅಮ್ಮನ ಗತಿ ಎಂಬ ಭಯ. ಈ ಬಿಪಿಯಲ್ಲಿ ಬಸಿರಾದರೆ ಏನು ಗತಿ ಎಂಬ ಮೂರನೆಯದೂ ಸೇರಿಕೊಂಡಿತು. ಮಲಗಿದಾಗ ಬಲಗೈ ಬೆರಳುಗಳನ್ನು ಮಡಿಚಿ ಬಿಡಿಸಿ ನೋಡಿಕೊಳ್ಳುತ್ತಿದ್ದೆ, ಆಡುತ್ತವೆಯೋ ಇಲ್ಲವೋ ಎಂದು. ಕೈ ಜೋಮು ಹಿಡಿದರೆ ಎದ್ದು ಕೂರುತ್ತಿದ್ದೆ. ಯಜಮಾನರು “ನಾಳೆನೇ ಹೋಗಿ ಹೇಳ್ಬಿಡು” ಅಂದರು. ಹೇಳಬೇಕೆಂದರೆ ಮೊದಲು ‘ಇಲ್ಲ’ ಅಂದದ್ದು ಸುಳ್ಳು ಎಂದು ಒಪ್ಪಬೇಕು. ಟೀಚರಾಗಿ ಆ ನಾಚಿಕೆ ದಾಟಲು ನನಗೆ ಜನವರಿಯವರೆಗೆ ಹಿಡಿಯಿತು.

ಅದೇ ದಿನಗಳಲ್ಲಿ ಹತ್ತನೇ ತರಗತಿಗೆ ಪುನರಾವರ್ತನೆ ನಡೆಯುತ್ತಿತ್ತು. ‘ಜೀವಕ್ರಿಯೆಗಳು’ ಪಾಠದಲ್ಲಿ ರಕ್ತದೊತ್ತಡದ ಚೌಕ ಬರುತ್ತದೆ, 120/80 ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಸಂತಾನೋತ್ಪತ್ತಿಯ ಪಾಠದಲ್ಲಿ, ಗರ್ಭನಿರೋಧಕ ಮಾತ್ರೆ ಹಾರ್ಮೋನುಗಳ ಸಮತೋಲನ ಬದಲಿಸುವುದರಿಂದ ಅಡ್ಡಪರಿಣಾಮಗಳೂ ಆಗಬಹುದು ಎಂಬ ಮಾತು ಬರುತ್ತದೆ. ಎರಡೂ ಒಂದೇ ತರಗತಿಯ ಪಾಠಗಳು. ವರ್ಷ ವರ್ಷ ಎರಡನ್ನೂ ಪಾಠ ಮಾಡಿದ್ದೇನೆ. ಆ ದಿನ ಎರಡನೇ ಪಾಠದ ಆ ಸಾಲು ಓದುವಾಗ ಗಂಟಲು ಕಟ್ಟಿತು. ಸಂಜೆ ಬಸ್ಸು ಹಿಡಿಯದೆ ಶಾಲೆಯಿರುವ ಊರಿನ ಆರೋಗ್ಯ ಉಪಕೇಂದ್ರಕ್ಕೆ ನಡೆದೆ.

ಅಲ್ಲಿದ್ದ ಸಿಸ್ಟರ್‌ಗೆ ನನಗಿಂತ ವಯಸ್ಸು ಚಿಕ್ಕದು. ಬೇರೆ ಯಾರೂ ಇರಲಿಲ್ಲ. ಕೂತ ತಕ್ಷಣ ಪಟ್ಟಿ ಕಟ್ಟಲಿಲ್ಲ. “ಮೊದ್ಲು ಬಾತ್ರೂಮಿಗೆ ಹೋಗಿ ಬನ್ನಿ ಮಿಸ್. ಕಾಫಿ ಕುಡಿದು ಎಷ್ಟೊತ್ತಾಯ್ತು?” ಅಂದರು. ಬೆನ್ನು ಕುರ್ಚಿಗೆ ತಾಗಿಸಿ, ಎರಡೂ ಪಾದ ನೆಲಕ್ಕೆ ಊರಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲೆ ಇಡಿಸಿ, ಐದು ನಿಮಿಷ ಮಾತಾಡದೆ ಕೂರಿಸಿದರು. ರವಿಕೆಯ ತೋಳು ಬಿಗಿಯಾಗಿದ್ದದ್ದನ್ನು ಸಡಿಲಿಸಿ ಬರೀ ತೋಳಿಗೆ ಪಟ್ಟಿ ಸುತ್ತಿದರು. ಎರಡು ಸಲ ನೋಡಿ ಬರೆದುಕೊಂಡರು: 148/96, 146/94. ಆ ಐದು ನಿಮಿಷದ ಮೌನದಲ್ಲಿ ನನ್ನ ಒಳಗಿನದೆಲ್ಲ ಬಾಯಿಗೆ ಬಂದಿತ್ತು. ಹೇಳಿದೆ. ಎಲ್ಲವನ್ನೂ ಹೇಳಿದೆ, ಬಚ್ಚಲ ನಲ್ಲಿಯನ್ನೂ ಬಿಡದೆ. ಆಕೆ ಗದರಲಿಲ್ಲ. “ಇದನ್ನ ಹೇಳಿದ್ದು ಒಳ್ಳೇದಾಯ್ತು ಮಿಸ್, ನಾಳೆನೇ ಲೇಡಿ ಡಾಕ್ಟರ್ ಹತ್ರ ಹೋಗಿ” ಎಂದು ಚೀಟಿ ಬರೆದರು.

ತುಮಕೂರಿನ ಆ ಲೇಡಿ ಡಾಕ್ಟರು ಶೀಟನ್ನು ಕೈಯಲ್ಲಿ ಹಿಡಿದು ಹಿಂದೆ ಓದಿದರು. ಎಥಿನೈಲ್ ಈಸ್ಟ್ರಡೈಯೋಲ್ 0.03 ಮಿಲಿಗ್ರಾಂ, ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ. ಬಸಿರಲ್ಲಿ ಬಿಪಿ ಬಂದಿತ್ತೇ, ತಾಯಿಗಿತ್ತೇ, ತಲೆನೋವಿಗೆ ಮೊದಲು ಕಣ್ಣ ಮುಂದೆ ಮಿಂಚು ಕಾಣುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಆಮೇಲೆ ತಿಳಿಸಿ ಹೇಳಿದರು. ಈ ಮಾತ್ರೆಯ ಈಸ್ಟ್ರೋಜೆನ್ ಪಿತ್ತಜನಕಾಂಗಕ್ಕೆ ಹೋದಾಗ ಅಲ್ಲಿ ಆಂಜಿಯೋಟೆನ್ಸಿನೋಜೆನ್ ಎಂಬ ಪ್ರೋಟೀನು ಹೆಚ್ಚು ತಯಾರಾಗುತ್ತದೆ. ಅದರಿಂದ ಮುಂದೆ ಹುಟ್ಟುವ ವಸ್ತು ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಉಪ್ಪು ನೀರನ್ನು ಹೊರಗೆ ಬಿಡದಂತೆ ಮೂತ್ರಪಿಂಡವನ್ನು ತಡೆಯುತ್ತದೆ. “ತೋಟದ ಪೈಪು ಸಣ್ಣದಾಗಿ, ಒಳಗೆ ನೀರೂ ಜಾಸ್ತಿಯಾದ್ರೆ ಏನಾಗುತ್ತೆ ಹೇಳಿ” ಅಂದರು. ಬಹಳ ಮಂದಿಯಲ್ಲಿ ಏರಿಕೆ ತೀರಾ ಸ್ವಲ್ಪ, ಗೊತ್ತೂ ಆಗದಷ್ಟು. ಕೆಲವರಲ್ಲಿ ಮಾತ್ರ ಹೀಗೆ ಗೆರೆ ದಾಟುತ್ತದೆ. ಬಸಿರಲ್ಲಿ ಏರಿದ್ದವರು, ಮನೆತನದಲ್ಲಿ ಬಿಪಿ ಇರುವವರು ಹೆಚ್ಚು ಜೋಪಾನವಾಗಿರಬೇಕು.

ಗೆರೆ ಎಂದರೆ ಯಾವುದು ಎಂದು ಕೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 140/90 ಮುಟ್ಟಿದವರು ಈಸ್ಟ್ರೋಜೆನ್ ಇರುವ ಮಾತ್ರೆಯನ್ನು ಸಾಮಾನ್ಯವಾಗಿ ತೆಗೆದುಕೊಳ್ಳಬಾರದು, 160/100 ಮುಟ್ಟಿದವರಂತೂ ತೆಗೆದುಕೊಳ್ಳಲೇಬಾರದು. ಬಿಪಿ ಇದ್ದು ಈ ಮಾತ್ರೆಯೂ ನಡೆದರೆ ಲಕ್ವಾ, ಹೃದಯಾಘಾತದ ಅಪಾಯ ಹೆಚ್ಚುತ್ತದೆ. ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು. ಗರ್ಭನಿರೋಧಕ್ಕೆಂದು 1960ರಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಸಿಕ್ಕ ಎನೊವಿಡ್ ಮಾತ್ರೆಯಲ್ಲಿ ಈಸ್ಟ್ರೋಜೆನ್ 150 ಮೈಕ್ರೊಗ್ರಾಂ ಇತ್ತು, ಈಗಿನದರಲ್ಲಿ 30. ಮಾತ್ರೆ ವಿಷವಲ್ಲ, ಲಕ್ಷಾಂತರ ಹೆಂಗಸರಿಗೆ ಹೊಂದುತ್ತದೆ, ನಿಮಗೆ ಹೊಂದಲಿಲ್ಲ ಅಷ್ಟೇ ಅಂದರು.

ಅಂದೇ ಮಾತ್ರೆ ನಿಲ್ಲಿಸಿದರು. ಮುಂದಿನ ವ್ಯವಸ್ಥೆ ಆಗುವವರೆಗೆ ನಿರೋಧ್ ಬಳಸಲು ಹೇಳಿದರು. ಬಿಪಿಗೆ ಬೇರೆ ಕಾರಣವೇನೂ ಇಲ್ಲವೆಂದು ಖಾತ್ರಿಯಾಗಲು ಮೂತ್ರ, ಕ್ರಿಯಾಟಿನಿನ್, ಇಸಿಜಿ, ಮೂತ್ರಪಿಂಡದ ಸ್ಕ್ಯಾನಿಂಗ್ ಮಾಡಿಸಿದರು. ಎಲ್ಲ ಸರಿ ಇತ್ತು. “ಬಿಪಿ ಮಾತ್ರೆ ನೀವಾಗಿ ಬಿಡಬೇಡಿ. ಇಳಿಯೋಕೆ ಮೂರು ತಿಂಗಳಾದರೂ ಬೇಕಾಗಬಹುದು” ಅಂದರು.

ಆ ರಾತ್ರಿ ಅತ್ತೆಗೆ ಹೇಳಿದೆ. ಯಜಮಾನರೂ ಪಕ್ಕದಲ್ಲಿದ್ದರು. ಅತ್ತೆ ಕೈಯಲ್ಲಿದ್ದ ಅವರೆಕಾಯಿ ಬಿಡಿಸುತ್ತಲೇ ಇದ್ದರು, ತಲೆ ಎತ್ತಲಿಲ್ಲ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕಾಫಿ ಕೊಡುವಾಗ, “ಮಗು ಬೇಡ ಅಂದಿದ್ರೆ ನನಗೆ ಬೇಜಾರಾಗ್ತಿತ್ತು, ನಿಜ. ನೀನು ಬಿದ್ದುಹೋಗಿದ್ರೆ ಈ ಮಗೂನ ಯಾರು ನೋಡ್ತಿದ್ರು? ಡಾಕ್ಟರ್ ಮುಂದೆ ನಾನಿದೀನಿ ಅಂತ ಸುಳ್ಳು ಹೇಳಿದೆಯಲ್ಲ, ಅದು ನನಗೆ ನೋವು” ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಫೆಬ್ರವರಿ ಕೊನೆಗೆ 140/90. ಮಾರ್ಚಿನಲ್ಲಿ 132/86. ಏಪ್ರಿಲ್‌ನಲ್ಲಿ 124/80. ಡಾಕ್ಟರು ಬಿಪಿ ಮಾತ್ರೆಯನ್ನು ಅರ್ಧಕ್ಕಿಳಿಸಿ, ಆಮೇಲೆ ನಿಲ್ಲಿಸಿ, ವಾರ ವಾರ ಅಳೆಸಿದರು. ಮತ್ತೆ ಏರಲಿಲ್ಲ. ಮುಂದಿನ ದಾರಿಗೆ ಅವರು ಈಸ್ಟ್ರೋಜೆನ್ ಇಲ್ಲದ ಎರಡು ಆಯ್ಕೆ ಇಟ್ಟರು. ಒಂದು, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡು, ಈಗ ‘ಛಾಯಾ’ ಹೆಸರಿನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುವ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಇನ್ನೊಂದು, ಹತ್ತು ವರ್ಷ ಬಾಳುವ, ಯಾವ ಹಾರ್ಮೋನೂ ಇಲ್ಲದ ಕಾಪರ್-ಟಿ 380ಎ. ಬೀದಿಯ ಮಾತನ್ನು ನಂಬಿ ಹೆದರಿದ್ದ ಅದನ್ನೇ ನಾನು ಹಾಕಿಸಿಕೊಂಡೆ. ಮೊದಲ ಮೂರು ತಿಂಗಳು ಮುಟ್ಟು ಜಾಸ್ತಿಯಾಗುತ್ತಿತ್ತು, ಆಮೇಲೆ ಒಂದು ಹದಕ್ಕೆ ಬಂತು.

ಇದನ್ನು ಓದುತ್ತಿರುವ ಅಕ್ಕತಂಗಿಯರಲ್ಲಿ ನನ್ನದೊಂದೇ ಕೇಳಿಕೆ. ಮಾತ್ರೆ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಕ್ಕಿರಲಿ, ಅಂಗಡಿಯಲ್ಲಿ ಕೊಂಡದ್ದಿರಲಿ, ಮೊದಲನೆಯದನ್ನು ನುಂಗುವ ಮುಂಚೆ ಒಮ್ಮೆ ಬಿಪಿ ನೋಡಿಸಿಕೊಳ್ಳಿ, ಮೂರು ತಿಂಗಳಿಗೆ ಮತ್ತೊಮ್ಮೆ ನೋಡಿಸಿ. ಬಸಿರಲ್ಲಿ ಬಿಪಿ ಬಂದಿದ್ದರೆ ಕೇಳದಿದ್ದರೂ ಹೇಳಿ. ಏರಿದೆ ಎಂದು ತಿಳಿದರೆ ಹೆದರಿ ಒಬ್ಬರೇ ನಿಲ್ಲಿಸಿಬಿಡಬೇಡಿ, ಬಚ್ಚಿಟ್ಟುಕೊಂಡು ಮುಂದುವರಿಸಲೂ ಬೇಡಿ.

ಡಾಕ್ಟರುಗಳಲ್ಲೂ ಒಂದು ಬೇಡಿಕೆ. ನಮ್ಮಂಥವರನ್ನು ಈ ಪ್ರಶ್ನೆ ಕೇಳುವಾಗ ಜೊತೆಗೆ ಬಂದವರನ್ನು ಒಂದು ನಿಮಿಷ ಹೊರಗೆ ಕೂರಿಸಿ. ಆ ದಿನ ಪಕ್ಕದ ಸ್ಟೂಲು ಖಾಲಿ ಇದ್ದಿದ್ದರೆ ನಾನು “ಹೌದು” ಅನ್ನುತ್ತಿದ್ದೆ. ಬೆರಳು ಮಡಿಚಿ ಬಿಡಿಸಿ ನೋಡಿಕೊಳ್ಳುತ್ತಾ ಬೆಳಗು ಮಾಡಿದ ಆ ರಾತ್ರಿಗಳು ನನಗೆ ಬರುತ್ತಿರಲಿಲ್ಲ.